ಅಗ್ನಿಶಾಮಕ ಸಿಬ್ಬಂದಿ ಮುಷ್ಕರಕ್ಕೆ ಇಳಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಏನೇನು ನಿಲ್ಲುತ್ತದೆ?

ಕೋಡಿಬಾಗ ನಿವಾಸಿ

ನೌಕರರ ಮುಷ್ಕರದ ಮಾತು ಎದ್ದಾಗಲೆಲ್ಲ ಶಾಲೆ, ಆಸ್ಪತ್ರೆ, ಬಸ್ಸು ಇವುಗಳದ್ದೇ ಚಿಂತೆ. ಅಗ್ನಿಶಾಮಕ ಠಾಣೆಯಲ್ಲಿ ಜನ ಇಲ್ಲದಿದ್ದರೆ ಏನು ಗತಿ ಎಂದು ಯಾರೂ ಬಿಡಿಸಿ ಹೇಳಿದ್ದು ಕಾಣೆ. ಕಾರವಾರದಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇವೆ, ಬೈತಖೋಲ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಹೆದ್ದಾರಿ 66ರಲ್ಲಿ ಹಗಲೂ ರಾತ್ರಿ ಗ್ಯಾಸ್ ಟ್ಯಾಂಕರ್ ಓಡುತ್ತವೆ. 112ಕ್ಕೆ ಕರೆ ಮಾಡಿದರೆ ಫೋನ್ ಎತ್ತುತ್ತಾರೆ, ಸರಿ. ಆದರೆ ಕಳಿಸುವುದು ಯಾರನ್ನು? ಪೊಲೀಸರೋ ಬಸ್ ಡ್ರೈವರೋ ಬಂದು ಆ ಕೆಂಪು ಗಾಡಿ ಓಡಿಸಿದರೆ ಸಾಕಾಗುತ್ತದೆಯೆ? ಮನೆಯಲ್ಲಿ, ಕೇರಿಯಲ್ಲಿ ನಾವು ಏನು ಸಿದ್ಧ ಇಟ್ಟುಕೊಳ್ಳಬೇಕು? ವಿಷಯ ಬಲ್ಲವರು ಲೆಕ್ಕ ಸಮೇತ ಬರೆಯಿರಿ.

ನಿವೃತ್ತ ಪಂಪ್ ಆಪರೇಟರ್

ಗಾಡಿ ಓಡಿಸುವುದು ಅರ್ಧ ಕೆಲಸವೂ ಅಲ್ಲ. ಸಾಮಾನ್ಯ ವಾಟರ್ ಟೆಂಡರಿನಲ್ಲಿ 4,500 ಲೀಟರ್ ನೀರು ಇರುತ್ತದೆ. ಒಂದು ಬ್ರಾಂಚ್ (ಹೋಸಿನ ತುದಿಯ ನಳಿಗೆ) ಹಿಡಿದರೆ ನಿಮಿಷಕ್ಕೆ 400ರಿಂದ 450 ಲೀಟರ್ ಹೋಗುತ್ತದೆ. ಅಂದರೆ ಹತ್ತು ನಿಮಿಷಕ್ಕೆ ಟ್ಯಾಂಕ್ ಖಾಲಿ, ಎರಡು ಬ್ರಾಂಚ್ ಹಿಡಿದರೆ ಐದೇ ನಿಮಿಷ. ಅಷ್ಟರೊಳಗೆ ಮುಂದಿನ ನೀರು ಎಲ್ಲಿಂದ ಎನ್ನುವುದು ತೀರ್ಮಾನವಾಗಿರಬೇಕು. ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡೇ ಗಾಡಿ ನಿಲ್ಲಿಸುವ ಜಾಗ ಆರಿಸುತ್ತಾರೆ.

ಹೊಸಬರು ಎಡವುವುದು ಪಂಪಿನ ಹತ್ತಿರ. ಗಾಡಿಯ ಎಂಜಿನ್ನೇ ಪಂಪನ್ನೂ ತಿರುಗಿಸುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಟ್ಟೆ ಕೊಟ್ಟು, ಕ್ಲಚ್ ಒತ್ತಿ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಪಂಪಿಗೆ ಕೊಡುವ ಗೇರು) ಸೇರಿಸಿ, ಟ್ಯಾಂಕಿನಿಂದ ಪಂಪಿಗೆ ಬರುವ ವಾಲ್ವ್ ತೆರೆದು, ಆಮೇಲೆ ನಿಧಾನಕ್ಕೆ ಎಂಜಿನ್ ವೇಗ ಏರಿಸಬೇಕು. ನೀರಿಲ್ಲದೆ ಪಂಪು ತಿರುಗಿದರೆ ಸೀಲು ಸುಟ್ಟುಹೋಗುತ್ತದೆ. ಡೆಲಿವರಿ ವಾಲ್ವನ್ನು ಥಟ್ಟನೆ ತೆರೆದರೆ ಹೋಸ್ ಹಿಡಿದವನು ಬಿದ್ದೇ ಬೀಳುತ್ತಾನೆ. ಥಟ್ಟನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಹೋಸ್ ಒಡೆಯುತ್ತದೆ. ಪಂಪು ಚದರ ಸೆಂಟಿಮೀಟರಿಗೆ 7 ಕೆ.ಜಿ. ಒತ್ತಡದಲ್ಲಿರುವಾಗ ಕೈತಪ್ಪಿದ ಬ್ರಾಂಚು ಎದುರಿಗಿದ್ದವರ ಮೂಳೆ ಮುರಿಯಬಲ್ಲದು.

ಕೆರೆ, ಹೊಳೆಯಿಂದ ನೀರು ಎತ್ತುವುದು ಇನ್ನೂ ಸೂಕ್ಷ್ಮ. ಪುಸ್ತಕದ ಲೆಕ್ಕದಲ್ಲಿ 10 ಮೀಟರ್ ಆಳದಿಂದ ನೀರು ಏರಬಹುದು, ಆದರೆ ಕೆಲಸದಲ್ಲಿ 7 ಮೀಟರ್ ದಾಟಿದರೆ ಏರುವುದಿಲ್ಲ. ಸಕ್ಷನ್ ಹೋಸಿನ ಕಪ್ಲಿಂಗಿನಲ್ಲಿ ಒಂದು ರಬ್ಬರ್ ವಾಷರ್ ಸೀಳಿದ್ದರೂ ಗಾಳಿ ಎಳೆದುಕೊಂಡು ಪ್ರೈಮಿಂಗ್ (ಒಳಗಿನ ಗಾಳಿ ಹೋಗಿ ಪಂಪಿಗೆ ನೀರು ತುಂಬುವುದು) ಆಗುವುದಿಲ್ಲ. ತಿಳಿಯದವರು ಪಂಪೇ ಕೆಟ್ಟಿದೆ ಅಂದುಕೊಂಡು ಕೈಚೆಲ್ಲಿ ಕೂರುತ್ತಾರೆ. ಕಾಳಿ ಹೊಳೆಯ ಬಾಯಿಯಲ್ಲಿ ಉಬ್ಬರದ ಹೊತ್ತಿಗೆ ಎತ್ತುವ ನೀರು ಉಪ್ಪು. ತುರ್ತಿಗೆ ಬಳಸಲು ಅಡ್ಡಿ ಇಲ್ಲ, ಆದರೆ ಕೆಲಸ ಮುಗಿದ ಕೂಡಲೇ ಸಿಹಿನೀರು ಹಾಯಿಸಿ ಪಂಪು, ಹೋಸು, ಬ್ರಾಂಚು ಎಲ್ಲವನ್ನೂ ತೊಳೆಯದಿದ್ದರೆ ವಾಲ್ವುಗಳು ಕಚ್ಚಿಕೊಳ್ಳುತ್ತವೆ. ಬದಲಿ ಸಿಬ್ಬಂದಿಗೆ ಇದನ್ನು ಯಾರು ಹೇಳಿಕೊಡುತ್ತಾರೆ? ಮುಷ್ಕರ ಮುಗಿದು ಜನ ವಾಪಸ್ ಬರುವ ಹೊತ್ತಿಗೆ ಗಾಡಿಯೇ ಕೆಲಸಕ್ಕೆ ಬಾರದಂತೆ ಆಗಿರಬಾರದಲ್ಲ.

ಇನ್ನು ಜನಬಲ. ಒಂದು ಗಾಡಿಗೆ ಒಬ್ಬ ಮುಖ್ಯಸ್ಥ, ಒಬ್ಬ ಚಾಲಕ, ನಾಲ್ಕು ಜನ ಫೈರ್‌ಮನ್ ಇದ್ದರೆ ಕೆಲಸ ಸರಿಹೋಗುತ್ತದೆ. ಹೊಗೆ ತುಂಬಿದ ಮನೆಯೊಳಗೆ ಉಸಿರಾಟದ ಸೆಟ್ ಹಾಕಿಕೊಂಡು ಹೋಗುವಾಗ ಯಾವತ್ತೂ ಜೋಡಿಯಾಗಿಯೇ ಹೋಗಬೇಕು. ಹೊರಗೊಬ್ಬ ಗಡಿಯಾರ ನೋಡುತ್ತ ನಿಂತಿರಬೇಕು. 6 ಲೀಟರಿನ ಸಿಲಿಂಡರಿಗೆ 300 ಬಾರ್ ಗಾಳಿ ತುಂಬಿದರೆ 1,800 ಲೀಟರ್ ಆಯಿತು. ನಿಮಿಷಕ್ಕೆ 40 ಲೀಟರ್ ಖರ್ಚು ಹಿಡಿದರೆ 45 ನಿಮಿಷ ಎಂದು ಕಾಗದದಲ್ಲಿ ಬರೆಯಬಹುದು. ಏಣಿ ಹತ್ತಿ, ಹೋಸ್ ಎಳೆದು, ಜನರನ್ನು ಹೊತ್ತರೆ ಅರ್ಧ ಗಂಟೆಯೂ ಬರುವುದಿಲ್ಲ. 55 ಬಾರ್ ಆಸುಪಾಸಿಗೆ ಇಳಿದಾಗ ಸೀಟಿ ಕೂಗುತ್ತದೆ, ಆದರೆ ಸೀಟಿ ಕೂಗುವ ಮೊದಲೇ ಹೊರಗೆ ಬಂದಿರಬೇಕು ಎನ್ನುವುದು ಪಾಠ. ಮೂರೇ ಜನ ಬಂದರೆ ಒಳಗೆ ಹೋಗುವ ಪ್ರಶ್ನೆಯೇ ಇಲ್ಲ, ಹೊರಗಿನಿಂದ ನೀರು ಹೊಡೆಯುವುದಷ್ಟೇ. ಒಳಗೆ ಮನುಷ್ಯರಿದ್ದರೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಓದುಗ

ಹಕ್ಕಿನ ಮಾತು ಇಲ್ಲಿ ಬಂದೇ ಬರುತ್ತದೆ, ಅದಕ್ಕೆ ಮೊದಲೇ ಬರೆದುಬಿಡುತ್ತೇನೆ. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕೂ ಇಲ್ಲ, ಶಾಸನದ ಹಕ್ಕೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಅದರ ಮೇಲೆ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಇದ್ದೇ ಇದೆ. ಆದರೂ ಮುಷ್ಕರ ಆಗುವುದೇ ಇಲ್ಲ ಎಂದು ಕಣ್ಣು ಮುಚ್ಚಿ ಕೂರುವ ಹಾಗಿಲ್ಲ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸಕ್ಕೆ ಹೋಗದೆ ನಿಂತರು. ಶೇ. 17 ಮಧ್ಯಂತರ ಹೆಚ್ಚಳದ ಆದೇಶ ಅದೇ ದಿನ ಹೊರಬಿತ್ತು, ಮುಷ್ಕರವೂ ಅದೇ ದಿನ ಮುಗಿಯಿತು. ನಿಷೇಧ ಇದ್ದರೂ ಮುಷ್ಕರ ಆಯಿತು, ಮುಗಿದದ್ದು ಮಾತುಕತೆಯಿಂದ ಎನ್ನುವುದನ್ನು ಗಮನಿಸಿ.

ಬ್ರಿಟನ್ನಿನಲ್ಲಿ 1977ರ ನವೆಂಬರಿನಿಂದ 1978ರ ಜನವರಿವರೆಗೆ ಅಗ್ನಿಶಾಮಕರು ದೇಶದುದ್ದ ಮುಷ್ಕರ ಮಾಡಿದರು, 9 ವಾರ. ಶೇ. 30ರಷ್ಟು ಕೇಳಿ ಕೊನೆಗೆ ಶೇ. 10ಕ್ಕೆ ಒಪ್ಪಿದರು. ಸೈನಿಕರು 1950ರ ದಶಕದ ‘ಗ್ರೀನ್ ಗಾಡೆಸ್’ ಗಾಡಿಗಳನ್ನು ಓಡಿಸಿದರು. 2002ರಲ್ಲಿ ಮತ್ತೆ ಮುಷ್ಕರವಾದಾಗಲೂ ಹೊರಗೆ ಬಂದದ್ದು ಅದೇ ಗಾಡಿಗಳು. ಅವುಗಳ ವೇಗ ಕಡಿಮೆ, ಜಜ್ಜಿದ ವಾಹನದೊಳಗೆ ಸಿಕ್ಕಿಕೊಂಡವರನ್ನು ಬಿಡಿಸುವ ಆಧುನಿಕ ಕಟರುಗಳು ಅವುಗಳಲ್ಲಿ ಇರಲಿಲ್ಲ. ಊರಿನ ದಾರಿ ಗೊತ್ತಿಲ್ಲದ ಸೈನಿಕರಿಗೆ ಮುಂದೆ ಮುಂದೆ ಪೊಲೀಸರು ದಾರಿ ತೋರಿಸಬೇಕಾಯಿತು. ಜೊಯಿಡಾ ಕಡೆಯ ಕೂಡುರಸ್ತೆಗಳನ್ನು ನೆನೆಸಿಕೊಂಡು ಇದನ್ನು ಇನ್ನೊಮ್ಮೆ ಓದಿ.

ಬಂದರು ತಾಂಡೇಲ

ಜೀವ ಉಳಿಸುವ ಕೆಲಸಕ್ಕೆ ಸೇರಿದ ಮೇಲೆ ಕೆಲಸ ಬಿಟ್ಟು ಕೂರುವುದು ಸರಿಯಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಡಲಲ್ಲಿ ಬೋಟು ಮುಳುಗುವಾಗ ಯಾರೂ ಕೂಲಿ ಕೇಳುವುದಿಲ್ಲ.

ಕಾನೂನು ಓದುಗ

ತಾಂಡೇಲರೇ, ನಿಮ್ಮ ಮಾತಿನ ಹಿಂದಿನ ಕಾಳಜಿ ಅರ್ಥವಾಗುತ್ತದೆ. ಆದರೆ ಇನ್ನೊಂದು ಬದಿಯನ್ನೂ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮಿತಿ ಕೂಡ ಅಗ್ನಿಶಾಮಕವನ್ನು ಅತ್ಯಗತ್ಯ ಸೇವೆ ಎಂದೇ ಎಣಿಸುತ್ತದೆ, ಮುಷ್ಕರ ತಡೆಯಬಹುದು ಎನ್ನುತ್ತದೆ. ಅದಕ್ಕೊಂದು ಷರತ್ತು ಇದೆ: ಹಾಗೆ ತಡೆದರೆ ಪಕ್ಷಪಾತವಿಲ್ಲದ, ಬೇಗ ಮುಗಿಯುವ ಮಧ್ಯಸ್ಥಿಕೆಯ ವ್ಯವಸ್ಥೆ ಕೊಡಬೇಕು, ಅದರ ತೀರ್ಪಿಗೆ ಎರಡೂ ಕಡೆಯವರು ಬದ್ಧರಾಗಿರಬೇಕು. ನಾವು ಬಾಗಿಲು ಮುಚ್ಚುವುದನ್ನು ಮಾಡಿದ್ದೇವೆ, ಕಿಟಕಿ ತೆರೆದಿಲ್ಲ. ಭರ್ತಿಯಾಗದ ಹುದ್ದೆ, ವಾರದ ರಜೆ, ರಕ್ಷಣಾ ಉಡುಪು ಇವೆಲ್ಲ ಅರ್ಜಿಯಲ್ಲೇ ವರ್ಷಗಟ್ಟಲೆ ಉಳಿದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಮೇಲೆ ಪಂಪ್ ಆಪರೇಟರ್ ಹೇಳಿದ ಆರು ಜನರ ಲೆಕ್ಕ ಇದೆಯಲ್ಲ, ಅದರಲ್ಲಿ ಎರಡು ಹುದ್ದೆ ಖಾಲಿ ಬಿಟ್ಟರೆ ಮುಷ್ಕರ ಇಲ್ಲದ ದಿನವೂ ಆ ಗಾಡಿಯ ಅರ್ಧ ಕೆಲಸ ನಿಂತಂತೆಯೇ.

ಕುಮಟಾದ ಟೀಚರ್

ನಮ್ಮಂಥವರಿಗೆ ಬೇಕಾದ್ದು ಅಡುಗೆಮನೆಯ ವಿಷಯ. ಸಿಲಿಂಡರಿಗೆ ಬೆಂಕಿ ಹತ್ತಿದರೆ ನಿಜವಾಗಿ ಏನು ಮಾಡಬೇಕು? ವಿಡಿಯೋಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನಿವೃತ್ತ ಪಂಪ್ ಆಪರೇಟರ್

ಅಕ್ಕಾ, ಮೊದಲು ಎಲ್ಲಿ ಉರಿಯುತ್ತಿದೆ ನೋಡಿ. ಒಲೆಯ ಹತ್ತಿರ ಪೈಪಿನಲ್ಲಿ ಉರಿದರೆ ರೆಗ್ಯುಲೇಟರಿನ ಗುಬ್ಬಿ ತಿರುಗಿಸಿ ಬಂದ್ ಮಾಡಿದರೆ ಮುಗಿಯಿತು, ಗ್ಯಾಸ್ ನಿಂತರೆ ಬೆಂಕಿ ತಾನೇ ಸಾಯುತ್ತದೆ. ರೆಗ್ಯುಲೇಟರಿನ ಬುಡದಲ್ಲೇ ಉರಿಯುತ್ತಿದ್ದರೆ ದಪ್ಪನೆಯ ಹತ್ತಿ ಬಟ್ಟೆಯನ್ನು, ಹಳೇ ಟವೆಲ್ಲಾದರೂ ಸರಿ, ಚೆನ್ನಾಗಿ ಒದ್ದೆ ಮಾಡಿ ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡು ಹೋಗಿ, ಉರಿಯ ಮೇಲೆ ಮುಚ್ಚಿ, ಬಟ್ಟೆಯ ಮೇಲಿಂದಲೇ ಗುಬ್ಬಿ ತಿರುಗಿಸಬೇಕು. ಸೀರೆ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡಿರಬೇಕು. ನೈಲಾನ್ ಬಟ್ಟೆ ಬೇಡವೇ ಬೇಡ. ಗುಬ್ಬಿ ತಿರುಗುತ್ತಿಲ್ಲ ಎಂದರೆ ಜಗ್ಗಾಡುತ್ತ ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ದೂರದಿಂದ ಸಿಲಿಂಡರಿನ ಮೈಮೇಲೆ ನೀರು ಸುರಿಯುತ್ತಿರಿ. ಉರಿಯನ್ನು ಆರಿಸಿ ಗ್ಯಾಸನ್ನು ಹಾಗೇ ಸೋರಲು ಬಿಡುವುದಕ್ಕಿಂತ ಉರಿಯಲು ಬಿಟ್ಟು ಸಿಲಿಂಡರ್ ತಂಪಾಗಿಡುವುದು ವಾಸಿ. ಸಿಲಿಂಡರ್ ಅಡ್ಡ ಬೀಳಿಸಬಾರದು. ಅಡ್ಡ ಬಿದ್ದರೆ ಗ್ಯಾಸಿನ ಬದಲು ದ್ರವವೇ ಹೊರಗೆ ಬರುತ್ತದೆ, ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗಿ ಹರಡುತ್ತದೆ.

ಬೆಂಕಿ ಇಲ್ಲ, ವಾಸನೆ ಮಾತ್ರ ಇದೆ ಅಂತಾದರೆ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಫ್ರಿಜ್ ತಾನಾಗಿ ಶುರುವಾದಾಗ ಹಾರುವ ಕಿಡಿಯೂ ಸಾಕು. ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಿಯುತ್ತದೆ. ಕಿಟಕಿ ತೆರೆದರೆ ಸಾಲದು, ಹೊಸ್ತಿಲ ಬಾಗಿಲು ತೆರೆಯಬೇಕು. ಮನೆಯಿಂದ ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ, ಅದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ. ಅಗ್ನಿಶಾಮಕದವರು ಇರಲಿ ಬಿಡಲಿ, ಅದು ಬೇರೆ ವ್ಯವಸ್ಥೆ. ವಿದ್ಯುತ್ ತಂತಿಯ ವಿಷಯಕ್ಕೆ ಹೆಸ್ಕಾಂನ 1912.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಒಂದೇ ಒಂದು ಲೋಟ ನೀರೂ ಬೇಡ. ಒಲೆ ಬಂದ್ ಮಾಡಿ ಮುಚ್ಚಳ ಜಾರಿಸಿ, ಬಾಣಲೆಯನ್ನು ಎತ್ತಬೇಡಿ. ಕಾಲು ಗಂಟೆ ಮುಚ್ಚಳ ತೆಗೆಯದಿರಿ, ಬೇಗ ತೆಗೆದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಫೈರ್ ಫಿಟ್ಟಿಂಗ್ ಮೇಸ್ತ್ರಿ

ಅಪಾರ್ಟ್‌ಮೆಂಟಿನವರು ಈ ವಾರವೇ ನೋಡಿಕೊಳ್ಳಬೇಕಾದ್ದು ಬರೆಯುತ್ತೇನೆ. ಮೆಟ್ಟಿಲ ಹತ್ತಿರ ಕೆಂಪು ರೀಲ್ ಇರುತ್ತದೆ, 30 ಮೀಟರ್ ರಬ್ಬರ್ ಹೋಸ್. ನಿವಾಸಿಗಳು ತರಬೇತಿ ಇಲ್ಲದೆ ಧೈರ್ಯವಾಗಿ ಬಳಸಬಹುದಾದ್ದು ಅದೊಂದೇ. ಪಕ್ಕದಲ್ಲಿರುವ 63 ಎಂಎಂ ಹೈಡ್ರಂಟಿಗೆ ಕೈಹಾಕಬೇಡಿ, ಅದನ್ನು ಒಬ್ಬರೇ ಹಿಡಿಯಲು ಆಗುವುದಿಲ್ಲ. ರೀಲ್ ಪೂರ್ತಿ ಬಿಚ್ಚಿ ನೀರು ಬಿಟ್ಟು ನೋಡಿ. ಹತ್ತರಲ್ಲಿ ಹಲವು ಕಡೆ ಕಾಣುವ ದೋಷಗಳು ಇವೇ: ನಾಝಲ್ ಮಾಯವಾಗಿರುವುದು, ಗೇಟ್ ವಾಲ್ವ್ ತುಕ್ಕು ಹಿಡಿದು ತಿರುಗದಿರುವುದು, ತಾರಸಿಯ ಫೈರ್ ಟ್ಯಾಂಕಿನ ನೀರನ್ನು ಮನೆಬಳಕೆಗೆ ತಿರುಗಿಸಿರುವುದು, ಪಂಪಿನ ಪ್ಯಾನಲ್ ‘ಆಟೋ’ ಬದಲು ‘ಆಫ್’ನಲ್ಲಿ ಇರುವುದು, ಡೀಸೆಲ್ ಪಂಪಿನ ಬ್ಯಾಟರಿ ಸತ್ತಿರುವುದು. ಪ್ಯಾನಲ್ ಆಫ್ ಮಾಡುವುದಕ್ಕೆ ಕಾರಣವೂ ಇದೆ. ಎಲ್ಲೋ ಸಣ್ಣ ಸೋರಿಕೆ ಇದ್ದು ಒತ್ತಡ ಇಳಿದಾಗಲೆಲ್ಲ ಜಾಕಿ ಪಂಪು (ಪೈಪಿನ ಒತ್ತಡ ಕಾಯುವ ಸಣ್ಣ ಪಂಪು) ರಾತ್ರಿ ಹೊತ್ತು ಶುರುವಾಗಿ ನಿದ್ದೆ ಕೆಡಿಸುತ್ತದೆ, ಕಾವಲುಗಾರ ಆರಿಸಿಬಿಡುತ್ತಾನೆ. ಸೋರಿಕೆ ಸರಿಮಾಡಿಸಿ, ಪಂಪನ್ನು ಆಟೋದಲ್ಲೇ ಬಿಡಿ.

ಕೈಯಲ್ಲಿ ಹಿಡಿಯುವ ಆರಿಸುಗ, ಎಬಿಸಿ ಪುಡಿಯದ್ದು, 6 ಕೆ.ಜಿ.ಯದಾದರೆ 15ರಿಂದ 20 ಸೆಕೆಂಡು ಬರುತ್ತದೆ. ಅಷ್ಟೇ. ಆದ್ದರಿಂದ ಬಾಗಿಲನ್ನು ಬೆನ್ನಿಗೆ ಇಟ್ಟುಕೊಂಡು, ಎರಡು ಮೂರು ಮೀಟರ್ ದೂರದಿಂದ, ಉರಿಯ ಬುಡಕ್ಕೆ ಹೊಡೆಯಬೇಕು. ಉರಿಯ ತುದಿಗೆ ಹೊಡೆದ ಪುಡಿ ಪೂರಾ ದಂಡ. ನಮ್ಮ ಕರಾವಳಿಯಲ್ಲಿ ಅದನ್ನು ನೆಲದ ಮೇಲೆ ಇಡಬೇಡಿ. ಉಪ್ಪುಗಾಳಿ ಮತ್ತು ಒರೆಸುವ ನೀರಿಗೆ ಬುಡದ ಅಂಚು ತುಕ್ಕು ತಿನ್ನುತ್ತದೆ, ಬಣ್ಣದ ಕೆಳಗೆ ಕಾಣುವುದಿಲ್ಲ. ಗೋಡೆಗೆ ತೂಗುಹಾಕಿ. ಮುಳ್ಳು ಹಸಿರಿನಲ್ಲಿ ಇದ್ದರೂ ಮಳೆಗಾಲ ಮುಗಿದ ಮೇಲೆ ಒಮ್ಮೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ, ಒಳಗೆ ಪುಡಿ ಸರಿದಾಡುವುದು ಕೈಗೆ ತಿಳಿಯಬೇಕು. ತಿಳಿಯದಿದ್ದರೆ ಗಟ್ಟಿಯಾಗಿದೆ ಎಂದು ಅರ್ಥ, ತುಂಬಿಸಿಕೊಂಡು ಬನ್ನಿ.

ಬೆಟ್ಟದ ಹೆಗಡೆ

ಘಟ್ಟದ ಮೇಲಿನ ಸ್ಥಿತಿಯೇ ಬೇರೆ. ಸಿರ್ಸಿ ಪೇಟೆಯಿಂದ ಒಳಗಿನ ಹಳ್ಳಿಗಳಿಗೆ ಗಾಡಿ ಬರುವಷ್ಟರಲ್ಲಿ ಕೊಟ್ಟಿಗೆ ಸುಟ್ಟು ಮುಗಿದಿರುತ್ತದೆ, ಹುಲ್ಲಿನ ಬಣವೆಯಂತೂ ಕೇಳುವುದೇ ಬೇಡ. ಗ್ರಾಮೀಣ ಪ್ರದೇಶಕ್ಕೆ 20 ನಿಮಿಷದಲ್ಲಿ ತಲುಪಬೇಕು ಎನ್ನುವ ಮಾನದಂಡ ಇದೆ. ನಮ್ಮ ಏರು ಇಳಿವಿನ ಮಣ್ಣು ರಸ್ತೆಗಳಲ್ಲಿ ನೀರು ತುಂಬಿದ ಗಾಡಿಗೆ ಅದು ಆಗುವ ಮಾತಲ್ಲ. ಹಾಗಾಗಿ ಮೊದಲ ಅರ್ಧ ಗಂಟೆ ಹೇಗೂ ನಮ್ಮದೇ.

ಪ್ರತಿ ತೋಟಿಗರ ಮನೆಯಲ್ಲೂ ಬೋರ್ಡೋ (ಮೈಲುತುತ್ತ, ಸುಣ್ಣದ ಮದ್ದು) ಹೊಡೆಯುವ ಪಂಪು, 200 ಲೀಟರಿನ ಡ್ರಮ್ಮು, ನೂರಾರು ಅಡಿ ಪೈಪು ಇದೆ. ಕೊಳೆ ರೋಗಕ್ಕೆ ಮಳೆಗಾಲದಲ್ಲಿ ಬಳಸಿ ಅಟ್ಟಕ್ಕೆ ಎಸೆಯುತ್ತೇವೆ. ಜನವರಿಯಿಂದ ಮೇವರೆಗೆ ಅದನ್ನು ಅಂಗಳದಲ್ಲಿ, ನೀರು ತುಂಬಿದ ಡ್ರಮ್ಮಿನ ಜೊತೆ, ಪೆಟ್ರೋಲ್ ಹಾಕಿ ಸಿದ್ಧ ಇಡಿ. ಮೈಲುತುತ್ತದ ಗಸಿ ಉಳಿದಿದ್ದರೆ ವಾಲ್ವ್ ಕಚ್ಚಿರುತ್ತದೆ, ನಾಝಲಿನ ತೂತು ಕಟ್ಟಿರುತ್ತದೆ. ಮಳೆಗಾಲ ಮುಗಿದಾಗಲೇ ಬರೇ ನೀರು ಹಾಯಿಸಿ ತೊಳೆದಿಡಬೇಕು. ಇದರ ಮಿತಿಯೂ ಗೊತ್ತಿರಲಿ. ಒತ್ತಡ ಬಹಳ ಇದೆ, ನೀರು ಮಾತ್ರ ನಿಮಿಷಕ್ಕೆ 25 ಲೀಟರ್ ಆಸುಪಾಸು. ಅಗ್ನಿಶಾಮಕದ ಒಂದು ಬ್ರಾಂಚಿಗೆ ಸಮ ಮಾಡಲು ಇಂಥ 18 ಪಂಪು ಬೇಕು. ಹೊತ್ತಿ ಉರಿಯುವ ಬಣವೆಯನ್ನು ಇದು ಆರಿಸುವುದಿಲ್ಲ. ಪಕ್ಕದ ಮನೆಯ ಮಾಡು, ಸೋಗೆ ಹೊದಿಸಿದ ಕೊಟ್ಟಿಗೆ, ಅಡಿಕೆ ಒಣಹಾಕಿದ ಅಟ್ಟ ಇವನ್ನು ಒದ್ದೆ ಇಟ್ಟು ಉಳಿಸಿಕೊಳ್ಳಬಹುದು. ಬಣವೆಗೆ ಬೆಂಕಿ ಬಿದ್ದರೆ ಅದನ್ನು ಬಿಟ್ಟುಬಿಡಿ, ಗಾಳಿ ಹೋಗುವ ಕಡೆಗೆ ಪಂಪು ತಿರುಗಿಸಿ. ದನ ಬಿಚ್ಚುವುದು ಎಲ್ಲಕ್ಕಿಂತ ಮೊದಲು, ಬಿಚ್ಚಿದ ಮೇಲೆ ಕೊಟ್ಟಿಗೆಯ ಬಾಗಿಲು ಹಾಕಿ, ಗಾಬರಿಯಾದ ದನ ಹಿಂದಕ್ಕೆ ಒಳಗೇ ಓಡುತ್ತದೆ.

ಸೊಪ್ಪಿನ ಬೆಟ್ಟ, ಬೇಣಗಳಿಗೆ (ಹುಲ್ಲುಗಾವಲು) ಬೆಂಕಿ ಬೀಳುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್. ಜನವರಿ ಮುಗಿಯುವುದರೊಳಗೆ ಅಂಚಿನಲ್ಲಿ ಮೂರರಿಂದ ಐದು ಮೀಟರ್ ಅಗಲಕ್ಕೆ ದರಕು (ಒಣಗಿದ ಎಲೆ) ಗುಡಿಸಿ, ಹುಲ್ಲು ಕೆತ್ತಿ, ಮಣ್ಣು ಕಾಣುವಂತೆ ಮಾಡಬೇಕು. ಗುಡಿಸಿದ ದರಕನ್ನು ಗೆರೆಯ ಪಕ್ಕದಲ್ಲೇ ರಾಶಿ ಹಾಕಿದರೆ ಗೆರೆ ಮಾಡಿದ್ದೂ ವ್ಯರ್ಥ, ಕಿಡಿ ಅಲ್ಲಿಂದಲೇ ದಾಟುತ್ತದೆ. ಹಸಿ ಸೊಪ್ಪಿನ ಟೊಂಗೆಯಿಂದ ಬಡಿಯುವಾಗ ಎತ್ತಿ ಎತ್ತಿ ಹೊಡೆಯದೆ ಒತ್ತಿ ಒರೆಸಬೇಕು, ಎತ್ತಿ ಹೊಡೆದರೆ ಕೆಂಡ ಹಾರುತ್ತದೆ. ಏರಿನಲ್ಲಿ ಬೆಂಕಿಗಿಂತ ಮೇಲೆ ಯಾವತ್ತೂ ನಿಲ್ಲಬೇಡಿ. ಎದುರು ಬೆಂಕಿ ಕೊಡುವುದು ಅರಣ್ಯ ಇಲಾಖೆಯವರ ಕೆಲಸ, ಅನುಭವ ಇಲ್ಲದವರು ಮಾಡಲು ಹೋಗಬಾರದು. ಅರಣ್ಯ ಸಹಾಯವಾಣಿ 1926, ಅದೂ ಅಗ್ನಿಶಾಮಕಕ್ಕೆ ಸಂಬಂಧಪಟ್ಟದ್ದಲ್ಲ.

ಬಂದರು ತಾಂಡೇಲ

ಬೋಟಿನ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೈತಖೋಲ, ತದಡಿ, ಹೊನ್ನಾವರ ಎಲ್ಲ ಕಡೆ ಬೋಟುಗಳನ್ನು ಮೈಗೆ ಮೈ ತಾಗಿಸಿ ಕಟ್ಟಿರುತ್ತಾರೆ. ರಿಪೇರಿಯ ವೆಲ್ಡಿಂಗು, ಫೈಬರ್ ಕೆಲಸ ನಡೆಯುವುದೂ ಆಗಲೇ. ಫೈಬರಿಗೆ ಹಚ್ಚುವ ರಾಳದ ಆವಿಗೇ ಬೆಂಕಿ ಹಿಡಿಯುತ್ತದೆ, ಅದರ ಪಕ್ಕದಲ್ಲಿ ಗ್ರೈಂಡರ್ ತಿರುಗಿಸಬಾರದು.

ಎಂಜಿನ್ ಕೋಣೆಯಲ್ಲಿ ಬೆಂಕಿ ಎದ್ದರೆ ಮೊದಲು ಡೀಸೆಲ್ ವಾಲ್ವ್ ಬಂದ್, ಬ್ಯಾಟರಿಯ ಮೇನ್ ಸ್ವಿಚ್ ಬಂದ್, ಆಮೇಲೆ ಹ್ಯಾಚ್ ಮುಚ್ಚಿ ಒದ್ದೆ ಗೋಣಿ ಹೊದಿಸಿ. ಏನಾಗಿದೆ ನೋಡೋಣ ಎಂದು ಹ್ಯಾಚ್ ತೆರೆದರೆ ಒಳಗೆ ಗಾಳಿ ನುಗ್ಗಿ ಉರಿ ಮುಖಕ್ಕೇ ಬರುತ್ತದೆ. ಹತೋಟಿಗೆ ಬರುವುದಿಲ್ಲ ಅನ್ನಿಸಿದ ಕ್ಷಣ ಆ ಬೋಟನ್ನು ಸಾಲಿನಿಂದ ಬೇರೆ ಮಾಡಬೇಕು. ಇದಕ್ಕೆ ಎರಡು ವಸ್ತು ದಕ್ಕೆಯ ಮೇಲೆ ಯಾವಾಗಲೂ ಇರಬೇಕು. ಒಂದು, ಹಗ್ಗ ಕಡಿಯುವ ಹರಿತವಾದ ಕೊಡಲಿ. ಇನ್ನೊಂದು, ಹತ್ತು ಹನ್ನೆರಡು ಮೀಟರ್ ಕಬ್ಬಿಣದ ಸರಪಳಿ, ತುದಿಗೆ ಕೊಕ್ಕೆ. ನೈಲಾನ್ ಹಗ್ಗದಿಂದ ಎಳೆದರೆ ಅದು ಕರಗಿ ಹರಿದು ಉರಿಯುವ ಬೋಟು ನಡುನೀರಲ್ಲಿ ತೇಲಿಕೊಂಡು ಬೇರೆ ಬೋಟಿಗೆ ತಾಗುತ್ತದೆ. ಗಾಳಿಯ ಮೇಲಿನ ಬದಿಯಿಂದ ಎಳೆಯಿರಿ. ಬೋಟಿನೊಳಗೆ ಬೇಕಾಬಿಟ್ಟಿ ನೀರು ಹೊಡೆಯಬೇಡಿ, ಒಂದು ಬದಿಗೆ ನೀರು ಸೇರಿ ಬೋಟು ಮಗುಚಿ ಡೀಸೆಲ್ ಹರಡುತ್ತದೆ. ಸಮುದ್ರದಲ್ಲಿ ಆಪತ್ತಾದರೆ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554.

ಅರಬೈಲ್ ರಸ್ತೆ

ಎಲ್ಲರೂ ಮನೆ, ತೋಟ, ಬೋಟು ಅಂದಿರಿ. ಮುಷ್ಕರದ ದಿನ ನಿಜಕ್ಕೂ ಹೆದರಬೇಕಾದ್ದು ಹೆದ್ದಾರಿಗೆ. 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ, ಸೋರಿದ ಗ್ಯಾಸ್ ಹೊತ್ತಿ, ಸುಟ್ಟಗಾಯಗಳಿಂದ ಹಲವರು ಸತ್ತರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗಲೂ ಒಂದು ಗ್ಯಾಸ್ ಟ್ಯಾಂಕರ್ ಗಂಗಾವಳಿಗೆ ಕೊಚ್ಚಿಹೋಯಿತು.

ದೊಡ್ಡ ಟ್ಯಾಂಕರಿನಲ್ಲಿ 18 ಟನ್ ಗ್ಯಾಸ್ ಇರುತ್ತದೆ. ಅದರ ಹೊರಮೈ ಸುಮಾರು 80 ಚದರ ಮೀಟರ್. ಉರಿ ತಾಗಿದಾಗ ಮೈ ತಂಪಾಗಿಡಲು ಚದರ ಮೀಟರಿಗೆ ನಿಮಿಷಕ್ಕೆ 10 ಲೀಟರ್ ನೀರು ಬೇಕು, ಅಂದರೆ ನಿಮಿಷಕ್ಕೆ 800 ಲೀಟರ್. ಒಂದು ಗಾಡಿಯ 4,500 ಲೀಟರ್ ಆರು ನಿಮಿಷಕ್ಕೂ ಸಾಲದು. ಹಾಗಾಗಿ ಕಾರವಾರ, ಕುಮಟಾ, ಭಟ್ಕಳದ ಗಾಡಿಗಳು ಒಂದರ ಹಿಂದೊಂದು ಬಂದು ಸರಪಳಿಯಂತೆ ನೀರು ಕೊಡುತ್ತ ಇರಬೇಕು. ಒಂದು ಠಾಣೆ ನಿಂತರೂ ಸರಪಳಿ ಕಡಿಯುತ್ತದೆ. ದ್ರವ ತಾಗಿರುವ ಕೆಳಭಾಗ ಸ್ವಲ್ಪ ಹೊತ್ತು ತಡೆಯುತ್ತದೆ, ಮೇಲಿನ ಒಣ ಭಾಗಕ್ಕೆ ಉರಿ ಹೊಡೆದರೆ ಹತ್ತು ಹದಿನೈದು ನಿಮಿಷದಲ್ಲಿ ಉಕ್ಕು ಮೆತ್ತಗಾಗಿ ಸೀಳಬಹುದು. ಸೇಫ್ಟಿ ವಾಲ್ವಿನ ಸದ್ದು ಒಂದೇ ಸಮನೆ ಏರುತ್ತ ಹೋದರೆ ಅಲ್ಲಿ ಯಾರೂ ಇರಬಾರದು. ಅದನ್ನು ಗುರುತಿಸಿ ‘ಹಿಂದೆ ಸರಿಯಿರಿ’ ಎನ್ನುವವನು ತರಬೇತಾದ ಅಧಿಕಾರಿ. ಬದಲಿಗೆ ಬಂದವರಿಂದ ಇದು ಆಗದು.

ಜನ ಮಾಡಬೇಕಾದ್ದು ಇಷ್ಟು. ಉರುಳಿದ ಟ್ಯಾಂಕರಿನ ಹಿಂಬದಿ ಫಲಕದಲ್ಲಿ 1075 ಎಂದಿದ್ದರೆ ಅಡುಗೆ ಅನಿಲ, 1203 ಎಂದಿದ್ದರೆ ಪೆಟ್ರೋಲ್, 1202 ಡೀಸೆಲ್. ದೂರದಿಂದಲೇ ಓದಿ 112ಕ್ಕೆ ಆ ಸಂಖ್ಯೆಯನ್ನೇ ಹೇಳಿ. ಗ್ಯಾಸ್ ಎಂದಾದರೆ ಸೋರಿಕೆ ಸಣ್ಣದಿದ್ದರೂ 100 ಮೀಟರ್, ದೊಡ್ಡದಿದ್ದರೆ ಗಾಳಿ ಹೋಗುವ ಕಡೆ 800 ಮೀಟರ್, ಟ್ಯಾಂಕರಿಗೇ ಬೆಂಕಿ ತಾಗಿದ್ದರೆ ಎಲ್ಲ ದಿಕ್ಕಿಗೂ 1,600 ಮೀಟರ್ ದೂರ. ಗಾಳಿಯ ದಿಕ್ಕು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ, ಆದರೆ ಗಾಬರಿಯಲ್ಲಿ ಮರೆತುಹೋಗುತ್ತದೆ: ಮಧ್ಯಾಹ್ನ ಕಡಲಿನಿಂದ ಗುಡ್ಡದ ಕಡೆಗೆ, ಬೆಳಗಿನ ಜಾವ ಗುಡ್ಡದಿಂದ ಕಡಲಿಗೆ. ಗಾಳಿಗೆ ಅಡ್ಡವಾಗಿ, ಎತ್ತರದ ಕಡೆಗೆ ಹೋಗಿ. ಹೆದ್ದಾರಿಗಿಂತ ತಗ್ಗಿನಲ್ಲಿರುವ ಮನೆಗಳು, ಚರಂಡಿ, ಮೋರಿ, ತೆರೆದ ಬಾವಿ ಇಲ್ಲೆಲ್ಲ ಗ್ಯಾಸ್ ಬಂದು ಕೂರುತ್ತದೆ. ಒಲೆ, ದೇವರ ದೀಪ, ಬಚ್ಚಲ ಹಂಡೆಯ ಬೆಂಕಿ ಆರಿಸಿ. ಬೈಕು ಸ್ಟಾರ್ಟ್ ಮಾಡಬೇಡಿ, ನಡೆದೇ ಹೋಗಿ. ಮಂಜಿನ ಹಾಗೆ ಬೆಳ್ಳಗೆ ಕಾಣುವುದು ಗ್ಯಾಸೇ, ಅದರ ಅಂಚಿನ ಆಚೆಗೂ ಕಾಣದ ಗ್ಯಾಸ್ ಇರುತ್ತದೆ. ಮೊಬೈಲ್ ಹಿಡಿದು ವಿಡಿಯೋ ಮಾಡುವವರನ್ನು ದೂರ ಎಳೆದು ತನ್ನಿ, ದಯವಿಟ್ಟು.

ಕೋಡಿಬಾಗ ನಿವಾಸಿ

ಇಷ್ಟು ವಿವರ ಸಿಕ್ಕಿದ್ದಕ್ಕೆ ಎಲ್ಲರಿಗೂ ನಮಸ್ಕಾರ. ಹಾಗಾದರೆ ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್ (ರಾಷ್ಟ್ರೀಯ, ರಾಜ್ಯ ವಿಪತ್ತು ಪಡೆಗಳು), ನೌಕಾನೆಲೆಯವರು ಬಂದು ತುಂಬಿಕೊಡಲು ಆಗುವುದಿಲ್ಲವೆ? ಜಿಲ್ಲಾಡಳಿತಕ್ಕೆ ಮನವಿ ಕೊಡುವುದಾದರೆ ಏನೆಂದು ಕೇಳಬೇಕು?

ನಿವೃತ್ತ ಪಂಪ್ ಆಪರೇಟರ್

ಎಸ್‌ಡಿಆರ್‌ಎಫ್ ನಮ್ಮ ರಾಜ್ಯದಲ್ಲಿ ಇರುವುದೇ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಅಡಿಯಲ್ಲಿ. ಆದ್ದರಿಂದ ಅದನ್ನು ಬೇರೆ ಲೆಕ್ಕ ಹಿಡಿಯಬೇಡಿ. ನೌಕಾನೆಲೆ, ಕೈಗಾ, ದಾಂಡೇಲಿಯ ಕಾಗದ ಕಾರ್ಖಾನೆ ಇವರಿಗೆ ತಮ್ಮದೇ ಅಗ್ನಿಶಾಮಕ ವ್ಯವಸ್ಥೆ ಇದೆ. ನೆರವಿಗೆ ಬರಬಹುದು, ಆದರೆ ಅವರ ಜಾಗವನ್ನು ಪೂರ್ತಿ ಬರಿದು ಮಾಡಿ ಬರುವ ಹಾಗಿಲ್ಲ.

ಮನವಿಯಲ್ಲಿ ನಾನು ಬರೆಯುವುದು: ಮುಷ್ಕರದ ಸೂಚನೆ ಬಂದ ದಿನವೇ ಸಂಘದವರನ್ನು ಕರೆದು, ಜೀವ ಉಳಿಸುವ ಕರೆಗಳಿಗೆ ಮಾತ್ರ ಪ್ರತಿ ಠಾಣೆಯಲ್ಲಿ ಒಂದು ಗಾಡಿ, ಆರು ಜನ ಇರುವಂತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ತಪಾಸಣೆ, ಬಂದೋಬಸ್ತು, ಪ್ರದರ್ಶನ, ವಿಐಪಿ ಕೆಲಸ ಎಲ್ಲ ನಿಲ್ಲಲಿ, ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ. ಒಪ್ಪಂದಕ್ಕೆ ಬಂದವರ ಮೇಲೆ ಎಸ್ಮಾ ತೋರಿಸಬೇಡಿ. ಅವರ ಬೇಡಿಕೆಗೆ ಗಡುವು ಹಾಕಿ ಮಧ್ಯಸ್ಥರನ್ನು ನೇಮಿಸಿ. ಆ ದಿನಗಳಲ್ಲಿ ಗ್ಯಾಸ್ ಟ್ಯಾಂಕರುಗಳನ್ನು ರಾತ್ರಿ ಓಡಿಸದೆ, ಮನೆಗಳಿಂದ ದೂರದ ತಂಗುದಾಣದಲ್ಲಿ ನಿಲ್ಲಿಸಿ.

ಇನ್ನೊಂದು ಸಣ್ಣ ವಿಷಯ, ಆದರೆ ಎಲ್ಲ ಕಡೆ ಕೆಲಸ ಕೆಡಿಸುವುದು ಇದೇ. ನಗರಸಭೆ, ಪಂಚಾಯ್ತಿಯ ನೀರಿನ ಟ್ಯಾಂಕರುಗಳನ್ನು ಸಾಲಾಗಿ ತಂದು ನಿಲ್ಲಿಸುತ್ತಾರೆ, ಅವುಗಳ ಬಾಯಿ ಅಗ್ನಿಶಾಮಕದ ಕಪ್ಲಿಂಗಿಗೆ ಕೂರುವುದಿಲ್ಲ. ಅಗ್ನಿಶಾಮಕದ ಡೆಲಿವರಿ ಕಪ್ಲಿಂಗ್ 63 ಎಂಎಂ, ಒತ್ತಿದರೆ ಸಿಕ್ಕಿಕೊಳ್ಳುವಂಥದ್ದು. ಟ್ಯಾಂಕರಿನದು ಎರಡೋ ಮೂರೋ ಇಂಚಿನ, ತಿರುಗಿಸಿ ಕೂರಿಸುವ ತಿರುಪಿನ ಗೇಟ್ ವಾಲ್ವ್. ಪ್ರತಿ ಟ್ಯಾಂಕರಿಗೆ ಒಂದು ಅಡಾಪ್ಟರ್ ಮಾಡಿಸಿ ಸರಪಳಿಯಲ್ಲಿ ಕಟ್ಟಿಡಬೇಕು. ಲೇತ್ ಅಂಗಡಿಯಲ್ಲಿ ಆಗುವ ಕೆಲಸ. ಅದಿಲ್ಲದಿದ್ದರೆ ಗುಂಡಿ ತೋಡಿ ತಾಡಪತ್ರಿ ಹಾಸಿ ಅದಕ್ಕೆ ಟ್ಯಾಂಕರಿನ ನೀರು ಸುರಿದು, ಅಲ್ಲಿಂದ ಸಕ್ಷನ್ ಹೋಸಿನಲ್ಲಿ ಎಳೆಯಬಹುದು. ಹೋಸಿನ ಬಾಯಿಯ ಜಾಲರಿಗೆ (ಸ್ಟ್ರೇನರ್) ತಾಡಪತ್ರಿ ಅಂಟದಂತೆ ಕೆಳಗೆ ಒಂದು ಬಿದಿರ ಬುಟ್ಟಿ ಇಡಿ.

ಬೆಟ್ಟದ ಹೆಗಡೆ

ಬಾವಿ ಬಿಟ್ಟುಹೋಯಿತು. ಘಟ್ಟದ ಮೇಲೆ ಬೇಸಿಗೆಯಲ್ಲಿ ಬಾವಿ ಸ್ವಚ್ಛ ಮಾಡಲು ಇಳಿಯುತ್ತಾರೆ, ಅಗ್ನಿಶಾಮಕದವರಿಗೆ ಆಗಾಗ ಕರೆ ಹೋಗುವುದೇ ಇದಕ್ಕೆ.

ನಿವೃತ್ತ ಪಂಪ್ ಆಪರೇಟರ್

ಹೌದು ಹೆಗಡೇರೇ, ಅದನ್ನು ಹೇಳಲೇಬೇಕು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ಪೂರ್ತಿ ನಂಬಬೇಡಿ. ದೀಪ ಆರಿದರೆ ಆಮ್ಲಜನಕ ಕಡಿಮೆ ಎಂದು ತಿಳಿಯುತ್ತದೆ, ಆದರೆ ಆರದೆ ಉರಿದರೂ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಬಾವಿಯೊಳಗೆ ಡೀಸೆಲ್, ಪೆಟ್ರೋಲ್ ಪಂಪು ಇಳಿಸಿ ಓಡಿಸಿದ್ದರೆ ಖಂಡಿತ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಮುಷ್ಕರ ನಡೆಯುತ್ತಿದ್ದರೆ ಬಾವಿ ಕೆಲಸವನ್ನೇ ಮುಂದೂಡಿ. ಇಳಿಯಲೇಬೇಕಾದರೆ ಇಳಿಯುವವನ ಎದೆ, ತೊಡೆಗೆ ಹಗ್ಗ ಬಿಗಿದು ರಾಟೆಗೆ ಹಾಕಿ, ಮೇಲೆ ನಾಲ್ಕು ಜನ ಹಿಡಿದಿರಬೇಕು, ಪ್ರತಿ ನಿಮಿಷ ಹೆಸರು ಹಿಡಿದು ಮಾತಾಡಿಸುತ್ತಿರಬೇಕು. ಉತ್ತರ ಬರಲಿಲ್ಲ ಎಂದರೆ ಹಗ್ಗ ಎಳೆಯುವುದೊಂದೇ ಕೆಲಸ. ಎರಡನೆಯವನು ಇಳಿಯಬಾರದು. ಹಗ್ಗ ಕಟ್ಟದೆ ಇಳಿದವನು ಬಿದ್ದಿದ್ದರೆ ಮೇಲಿಂದ ಬ್ಲೋವರಿನ ಪೈಪು ತಳಮುಟ್ಟ ಇಳಿಸಿ ಶುದ್ಧ ಗಾಳಿ ಊದುತ್ತಿರಿ, ಕೊಕ್ಕೆ ಕಟ್ಟಿದ ಹಗ್ಗದಿಂದ ಬಟ್ಟೆಗೋ ಸೊಂಟದ ಬೆಲ್ಟಿಗೋ ಸಿಕ್ಕಿಸಿ ಎತ್ತಲು ನೋಡಿ, ಅಷ್ಟರಲ್ಲಿ 112 ಮತ್ತು 108 ಎರಡಕ್ಕೂ ಕರೆ ಹೋಗಿರಲಿ. ಅಡಿಕೆ ಮದ್ದು ಹೊಡೆಯುವಾಗ ಕಟ್ಟುವ ಮೂಗಿನ ಬಟ್ಟೆ, ಮಾಸ್ಕು ಇಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ.